ಫಲಕದಲ್ಲಿ ಲೇಸರ್, ಕೆಲಸದಲ್ಲಿ ಸೂಕ್ಷ್ಮದರ್ಶಕ

(ದಂತವೈದ್ಯನಾದ ನಾನು ಮಂಡ್ಯದಲ್ಲಿ ಸಾರ್ವಜನಿಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ. ಸಭೆಯಲ್ಲಿ ಪರದೆಯ ಮೇಲೆ ಚಿತ್ರ ತೋರಿಸಿ ಹೇಳಿದ ಭಾಗಗಳನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಸಭಿಕರೆಲ್ಲರಿಗೂ ನಮಸ್ಕಾರ.

ಮೈಸೂರಿನ ಸಯ್ಯಾಜಿರಾವ್ ರಸ್ತೆಯಿಂದ ಹಿಡಿದು ಇಲ್ಲಿನ ನೂರಡಿ ರಸ್ತೆಯವರೆಗೆ ದಂತ ಚಿಕಿತ್ಸಾಲಯಗಳ ಫಲಕಗಳನ್ನು ಓದುತ್ತಾ ಬಂದರೆ ‘ಲೇಸರ್ ಚಿಕಿತ್ಸೆ ಲಭ್ಯವಿದೆ’ ಎಂಬ ಸಾಲು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ‘ಸೂಕ್ಷ್ಮದರ್ಶಕದ ಸೌಲಭ್ಯವಿದೆ’ ಎಂದು ಬರೆಸಿದ ಫಲಕ ಬಹಳ ಅಪರೂಪ. ಚಿಕಿತ್ಸೆಗೆ ಬರುವವರ ಮಾತೂ ಹಾಗೆಯೇ ಇರುತ್ತದೆ. ಮಳವಳ್ಳಿ ಕಡೆಯ ರೈತರೊಬ್ಬರು ಕುರ್ಚಿಯಲ್ಲಿ ಕೂರುವುದಕ್ಕೂ ಮೊದಲೇ “ಲೇಸರ್‌ನಲ್ಲೇ ಮಾಡ್ಬುಡಿ ಸಾರ್, ನೋವಾಗ್ದಂಗೆ” ಎಂದಿದ್ದರು. ಅವರ ಹಲ್ಲಿಗೆ ಹಿಂದೆಂದೋ ರೂಟ್ ಕೆನಾಲ್ ಆಗಿ, ಒಳಗೆ ಕಂಬಿ ಕೂರಿಸಿ, ಮೇಲೆ ಕ್ಯಾಪ್ ಹಾಕಲಾಗಿತ್ತು. ಈಗ ಬೇರಿನ ತುದಿಯಲ್ಲಿ ಕೀವು ಕಟ್ಟಿ ಒಸಡಿನ ಮೇಲೆ ಸಣ್ಣ ಗುಳ್ಳೆ ಎದ್ದಿತ್ತು. ಅವರಿಗೆ ಬೇಕಾಗಿದ್ದ ಉಪಕರಣ ಲೇಸರ್ ಆಗಿರಲಿಲ್ಲ. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಲೇಸರ್ ಮತ್ತು ಸೂಕ್ಷ್ಮದರ್ಶಕ ಎರಡೂ ಬೆಳಕನ್ನು ದುಡಿಸಿಕೊಳ್ಳುವ ಉಪಕರಣಗಳೇ. ಒಂದು ಬೆಳಕಿನಿಂದ ಕತ್ತರಿಸುತ್ತದೆ, ಇನ್ನೊಂದು ಕತ್ತರಿಸಬೇಕಾದ ಜಾಗವನ್ನು ಕಾಣಿಸುತ್ತದೆ. ಜನರ ಬಾಯಲ್ಲಿ ಹೆಸರು ಮಾಡಿರುವುದು ಮೊದಲನೆಯದು. ಆದರೆ ಕಿತ್ತು ಹಾಕಬೇಕಾಗಿದ್ದ ಹಲ್ಲನ್ನು ಬಾಯಲ್ಲೇ ಉಳಿಸಿಕೊಡುವ ಲೆಕ್ಕಕ್ಕೆ ಬಂದರೆ ಎರಡನೆಯದರ ಪಾಲೇ ದೊಡ್ಡದು ಎಂಬುದು ನನ್ನ ಅಭಿಪ್ರಾಯ. ಹಾಗೆಂದು ಲೇಸರ್ ಬರಿಯ ಬೂಟಾಟಿಕೆ ಎಂದು ಹೇಳಲು ನಾನು ಬಂದಿಲ್ಲ. ಅದಕ್ಕೆ ಹೇಳಿ ಮಾಡಿಸಿದಂಥ ಕೆಲಸಗಳಿವೆ, ಅದರಿಂದ ಆಗದ ಕೆಲಸಗಳೂ ಇವೆ. ಅವು ಯಾವುವು ಎಂಬುದು ತಿಳಿದಿದ್ದರೆ ರೋಗಿಗೂ ಒಳ್ಳೆಯದು, ವೈದ್ಯರಿಗೂ ಒಳ್ಳೆಯದು.

ಲೇಸರ್‌ನ ಹಿಂದಿರುವ ತತ್ತ್ವವನ್ನು ಐನ್‌ಸ್ಟೈನ್ 1917ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ವಿವರಿಸಿದ್ದರು. ಶಕ್ತಿ ತುಂಬಿಕೊಂಡು ಕುಳಿತಿರುವ ಪರಮಾಣುವಿನ ಬಳಿ ತಕ್ಕ ಶಕ್ತಿಯ ಬೆಳಕಿನ ಕಣವೊಂದು ಹಾದುಹೋದರೆ, ಆ ಪರಮಾಣುವೂ ಅದೇ ದಿಕ್ಕಿಗೆ, ಅದೇ ಬಗೆಯ ಇನ್ನೊಂದು ಕಣವನ್ನು ಬಿಡುಗಡೆ ಮಾಡುತ್ತದೆ ಎಂಬುದು ಆ ತತ್ತ್ವ. ಅದು ಉಪಕರಣದ ರೂಪಕ್ಕೆ ಬರಲು ನಾಲ್ಕು ದಶಕಗಳಿಗಿಂತ ಹೆಚ್ಚು ಕಾಲ ಹಿಡಿಯಿತು. 1960ರ ಮೇ 16ರಂದು ಅಮೆರಿಕದ ಥಿಯೋಡರ್ ಮೈಮನ್ ಮಾಣಿಕ್ಯದ ಕಡ್ಡಿಯೊಂದರಿಂದ 694 ನ್ಯಾನೋಮೀಟರ್ ತರಂಗಾಂತರದ ಕೆಂಪು ಕಿರಣವನ್ನು ಹೊರಡಿಸಿದರು. ದಂತವೈದ್ಯರು ಅದನ್ನು ಹಿಡಿದುಕೊಳ್ಳಲು ತಡ ಮಾಡಲಿಲ್ಲ. 1964ರಲ್ಲಿ ಕ್ಯಾಲಿಫೋರ್ನಿಯಾದ ಸ್ಟರ್ನ್ ಮತ್ತು ಸೊಗ್ನಾಸ್ ಮಾಣಿಕ್ಯದ ಲೇಸರನ್ನು ಹಲ್ಲಿನ ಹೊರಕವಚವಾದ ಎನಾಮೆಲ್ ಮೇಲೆ ಹಾಯಿಸಿದಾಗ, ಅದು ಕರಗಿ ಗಾಜಿನಂತಾಗಿ ಕುಳಿ ಬಿದ್ದಿತು. ಮರುವರ್ಷ ಸಿನ್ಸಿನಾಟಿಯ ಚರ್ಮವೈದ್ಯ ಲಿಯಾನ್ ಗೋಲ್ಡ್‌ಮನ್ ಬದುಕಿರುವ ಮನುಷ್ಯನ ಹಲ್ಲಿನ ಮೇಲೆಯೇ ಅದನ್ನು ಪ್ರಯೋಗಿಸಿದರು. ಆ ಹಲ್ಲು ಅವರ ಸ್ವಂತ ಸೋದರನದು. ಸೋದರ ವೃತ್ತಿಯಿಂದ ದಂತವೈದ್ಯ. ನೋವಾಗಲಿಲ್ಲ ಎಂದು ವರದಿಯಾಯಿತು.

ಆದರೆ ಹಲ್ಲು ಕಲ್ಲಲ್ಲ. ಅದರ ನಡುವೆ ನರ, ರಕ್ತನಾಳಗಳಿರುವ ತಿರುಳಿದೆ, ಅದಕ್ಕೆ ಶಾಖ ಆಗಿಬರುವುದಿಲ್ಲ. 1965ರಲ್ಲೇ ಜ್ಯಾಕ್ ಮತ್ತು ಕೋಹೆನ್ ಎಂಬ ಇಬ್ಬರು ಕೋತಿಗಳ ಹಲ್ಲುಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ತಿರುಳಿನ ಉಷ್ಣಾಂಶ 5.5 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿದರೆ ನೂರಕ್ಕೆ ಸುಮಾರು 15 ಹಲ್ಲುಗಳ ತಿರುಳು ಚೇತರಿಸಿಕೊಳ್ಳದೆ ಸಾಯುತ್ತದೆ ಎಂದು ಕಂಡುಬಂದಿತು. ಇಂದಿಗೂ ಹಲ್ಲಿನ ಮೇಲೆ ಬಳಸುವ ಯಾವುದೇ ಹೊಸ ಯಂತ್ರವನ್ನು ನಾವು ಅಳೆಯುವುದು ಆ ಅಂಕಿಯಿಂದಲೇ. ಮಾಣಿಕ್ಯದ ಲೇಸರ್ ಆ ಪರೀಕ್ಷೆಯಲ್ಲಿ ನಿಲ್ಲಲಿಲ್ಲ.

ಮುಂದಿನ ದಾರಿ ತೆರೆದದ್ದು ಬೇರೆ ಬೇರೆ ತರಂಗಾಂತರದ ಲೇಸರ್‌ಗಳು ಬಂದ ಮೇಲೆ. ಲೇಸರ್ ಎಂದರೆ ಒಂದೇ ಯಂತ್ರ ಎಂಬ ಭಾವನೆ ಜನರಲ್ಲಿದೆ. ಇಡೀ ವಿಷಯದಲ್ಲಿ ಗೊಂದಲ ಹುಟ್ಟುವುದು ಇಲ್ಲಿಯೇ. ಯಾವ ಕಿರಣವನ್ನು ಯಾವ ವಸ್ತು ಹೀರಿಕೊಳ್ಳುತ್ತದೆ ಎಂಬುದು ಅದರ ತರಂಗಾಂತರವನ್ನು ಅವಲಂಬಿಸಿದೆ. ಹೀರಿಕೊಂಡಲ್ಲಿ ಮಾತ್ರ ಕೆಲಸ, ಉಳಿದ ಕಡೆ ಅದು ಹಾದುಹೋಗುತ್ತದೆ ಇಲ್ಲವೇ ಚದುರುತ್ತದೆ. 1964ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್ ಅವರು ರೂಪಿಸಿದ ಇಂಗಾಲದ ಡೈಆಕ್ಸೈಡ್ ಲೇಸರ್‌ನ ತರಂಗಾಂತರ 10,600 ನ್ಯಾನೋಮೀಟರ್. ಅದನ್ನು ನೀರು ಚೆನ್ನಾಗಿ ಹೀರಿಕೊಳ್ಳುವುದರಿಂದ, ನೀರೇ ಹೆಚ್ಚಾಗಿರುವ ಮೃದು ಅಂಗಾಂಶವನ್ನು ಅದು ಸರಾಗವಾಗಿ ಕೊಯ್ಯುತ್ತದೆ. ನಿಯೋಡಿಮಿಯಮ್ ಯಾಗ್ ಎಂಬ ಇನ್ನೊಂದು ಲೇಸರಿನ ತರಂಗಾಂತರ 1,064. 1990ರ ಸುಮಾರಿಗೆ ಅಮೆರಿಕದಲ್ಲಿ ದಂತವೈದ್ಯರಿಗೆಂದೇ ಮಾರುಕಟ್ಟೆಗೆ ಬಂದ ಮೊದಲ ಲೇಸರ್ ಈ ಜಾತಿಯದು. ನಮ್ಮ ಊರುಗಳ ಚಿಕಿತ್ಸಾಲಯಗಳಲ್ಲಿ ನೀವು ನೋಡುವ, ಟಿಫನ್ ಡಬ್ಬಿಯಷ್ಟೇ ಗಾತ್ರದ ಯಂತ್ರ ಬಹುಪಾಲು ಡಯೋಡ್ ಲೇಸರ್. ಅದರ ವ್ಯಾಪ್ತಿ 810ರಿಂದ 980ರ ಆಸುಪಾಸು. ರಕ್ತದ ಕೆಂಪು ಬಣ್ಣವೂ ಚರ್ಮದ ಕಪ್ಪು ಬಣ್ಣವೂ ಅದನ್ನು ಹೀರಿಕೊಳ್ಳುತ್ತವೆ. ಹಲ್ಲಿನ ಗಟ್ಟಿ ಭಾಗ ಬಹುಮಟ್ಟಿಗೆ ಹೀರಿಕೊಳ್ಳುವುದಿಲ್ಲ. ಎಂದರೆ ಡಯೋಡ್ ಲೇಸರ್‌ನಿಂದ ಹುಳುಕು ಹಲ್ಲನ್ನು ಕೊರೆಯಲು ಬರುವುದಿಲ್ಲ. ಫಲಕದ ಮೇಲಿನ ‘ಲೇಸರ್’ ಎಂಬ ಒಂದು ಪದ ಈ ವ್ಯತ್ಯಾಸವನ್ನು ಹೇಳುವುದಿಲ್ಲ.

ಹಲ್ಲನ್ನು ಕೊರೆಯಬಲ್ಲದ್ದು ಎರ್ಬಿಯಮ್ ಜಾತಿಯ ಲೇಸರ್. ಎರ್ಬಿಯಮ್ ಯಾಗ್‌ನ ತರಂಗಾಂತರ 2,940 ನ್ಯಾನೋಮೀಟರ್, ನೀರು ಅತಿ ಹೆಚ್ಚು ಹೀರಿಕೊಳ್ಳುವುದು ಅಲ್ಲಿಯೇ. ಎನಾಮೆಲ್‌ನ ತೂಕದಲ್ಲಿ ನೂರಕ್ಕೆ ಸುಮಾರು 96 ಪಾಲು ಖನಿಜ, ಅದರ ಕೆಳಗಿನ ಡೆಂಟಿನ್‌ನಲ್ಲಿ ಸುಮಾರು 70 ಪಾಲು ಖನಿಜ ಮತ್ತು 10 ಪಾಲು ನೀರು. ಈ ಅಲ್ಪ ನೀರೇ ಲೇಸರ್‌ಗೆ ಸಿಗುವ ಹಿಡಿ. ಕಿರಣ ತಗುಲಿದ ಕ್ಷಣದಲ್ಲಿ ಖನಿಜದ ನಡುವೆ ಸಿಕ್ಕಿಕೊಂಡ ನೀರು ಆವಿಯಾಗಿ ಹಿಗ್ಗಿ, ಸುತ್ತಲಿನ ಖನಿಜವನ್ನು ಚೂರುಚೂರಾಗಿ ಸಿಡಿಸುತ್ತದೆ. ಕಾದ ಬಾಣಲಿಯಲ್ಲಿ ಭತ್ತ ಅರಳಾಗುವಾಗ ನಡೆಯುವುದೂ ಇದೇ, ಕೇಳುವ ಚಟಪಟ ಸದ್ದೂ ಹೆಚ್ಚುಕಡಿಮೆ ಅದೇ. ಶಾಖ ಆ ಚೂರುಗಳ ಜೊತೆಯಲ್ಲೇ ಹೊರಟುಹೋಗುತ್ತದೆ, ಮೇಲಿನಿಂದ ನೀರಿನ ತುಂತುರೂ ಬೀಳುತ್ತಿರುತ್ತದೆ. ಆದ್ದರಿಂದ ತಿರುಳಿಗೆ ಬಿಸಿ ಮುಟ್ಟುವುದು ಕಡಿಮೆ. 1997ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಗಟ್ಟಿ ಅಂಗಾಂಶದ ಮೇಲೆ ಇದರ ಬಳಕೆಗೆ ಒಪ್ಪಿಗೆ ನೀಡಿತು. ಕೊರೆಯುವ ಯಂತ್ರದ ಅದುರುವಿಕೆ, ಕಿರಿಚುವ ಸದ್ದು ಎರಡೂ ಇಲ್ಲದಿರುವುದರಿಂದ ಮಕ್ಕಳಿಗೆ ಇದು ನಿಜಕ್ಕೂ ಸಮಾಧಾನ ತರುತ್ತದೆ. ಆದರೆ ವೇಗದಲ್ಲಿ ಅದು ಹಳೆಯದಕ್ಕೆ ಸಾಟಿಯಲ್ಲ: 1957ರಲ್ಲಿ ಬಂದ ಗಾಳಿಯಿಂದ ತಿರುಗುವ ಏರೋಟರ್ ನಿಮಿಷಕ್ಕೆ 3 ಲಕ್ಷ ಸುತ್ತು ಸುತ್ತುತ್ತದೆ. ಹಳೆಯ ಬೆಳ್ಳಿ ಸಿಮೆಂಟನ್ನಾಗಲಿ ಲೋಹದ ಕ್ಯಾಪನ್ನಾಗಲಿ ಲೇಸರ್‌ನಿಂದ ತೆಗೆಯುವಂತಿಲ್ಲ. ಲೋಹ ಕಿರಣವನ್ನು ಹಿಂದಕ್ಕೆ ಎಸೆಯುತ್ತದೆ, ಇಲ್ಲವೇ ಬಿಸಿಯೇರುತ್ತದೆ. ಈ ಯಂತ್ರದ ಬೆಲೆ ಡಯೋಡ್‌ಗಿಂತ ಎಷ್ಟೋ ಪಟ್ಟು ಹೆಚ್ಚು. ಹಾಗಾಗಿ ಮಂಡ್ಯ, ಮದ್ದೂರುಗಳಂಥ ಕಡೆ ಅದು ಕಾಣಸಿಗುವುದು ಕಡಿಮೆ.

ಡಯೋಡ್ ಲೇಸರ್‌ನ ಒಂದು ಒಳಗುಟ್ಟನ್ನು ಹೇಳಬೇಕು. ಕೊಯ್ಯುವ ಕೆಲಸಕ್ಕೆ ಬಳಸುವಾಗ ಅದರ ಗಾಜಿನ ಎಳೆಯ ತುದಿಯನ್ನು ಮೊದಲು ಕಾಗದಕ್ಕೋ ಬಿರಡೆಗೋ ತಾಗಿಸಿ ಕಪ್ಪು ಮಾಡಿಕೊಳ್ಳುತ್ತಾರೆ. ಆ ಮಸಿ ಕಿರಣವನ್ನು ಹೀರಿ ತುದಿಯನ್ನು ಕಾಯಿಸುತ್ತದೆ. ಒಸಡನ್ನು ಕೊಯ್ಯುವುದರಲ್ಲಿ ಬೆಳಕಿಗಿಂತ ಆ ಕಾದ ತುದಿಯದೇ ಹೆಚ್ಚಿನ ಪಾತ್ರ. ಇದರಲ್ಲಿ ತಪ್ಪೇನಿಲ್ಲ. ಸಣ್ಣ ರಕ್ತನಾಳಗಳು ಅಲ್ಲಿಯೇ ಮುಚ್ಚಿಹೋಗುವುದರಿಂದ ರಕ್ತ ಸುರಿಯುವುದಿಲ್ಲ, ಹೊಲಿಗೆ ಎಷ್ಟೋ ಸಲ ಬೇಡವಾಗುತ್ತದೆ. ನಾಲಿಗೆಯನ್ನು ಕೆಳಗೆ ಬಿಗಿದು ಹಿಡಿದ ಪೊರೆಯನ್ನು ಬಿಡಿಸುವುದು, ಕೊನೆಯ ದವಡೆಹಲ್ಲಿನ ಮೇಲೆ ಹೊದಿಕೆಯಂತೆ ಕುಳಿತು ಬಾವು ಬರಿಸುವ ಒಸಡಿನ ತುಂಡನ್ನು ತೆಗೆಯುವುದು, ಕ್ಯಾಪ್ ಕೂರಿಸುವ ಮುನ್ನ ಹಲ್ಲಿನ ಅಂಚಿಗೆ ಬೆಳೆದ ಒಸಡನ್ನು ಸರಿಪಡಿಸುವುದು, ಇವೆಲ್ಲ ಡಯೋಡ್‌ಗೆ ಒಪ್ಪುವ ಕೆಲಸಗಳು. ಆದರೆ ಲೇಸರ್ ಗಾಯ ಕತ್ತಿಯ ಗಾಯಕ್ಕಿಂತ ಬೇಗ ಮಾಯುತ್ತದೆ ಎಂದು ಎಲ್ಲ ಸಂದರ್ಭದಲ್ಲೂ ಹೇಳುವಂತಿಲ್ಲ. ತುದಿಯನ್ನು ಒಂದೇ ಕಡೆ ಹೆಚ್ಚು ಹೊತ್ತು ನಿಲ್ಲಿಸಿದರೆ ಕೆಳಗಿನ ಮೂಳೆಯೂ ಸುಡುತ್ತದೆ.

ಒಸಡಿನ ಕಪ್ಪು ಬಣ್ಣವನ್ನು ಲೇಸರ್‌ನಿಂದ ತೆಗೆಸಿಕೊಳ್ಳಲು ಬರುವ ಯುವಕ ಯುವತಿಯರು ಈಚೆಗೆ ಹೆಚ್ಚಾಗಿದ್ದಾರೆ. ತೆಗೆಯಬಹುದು, ಕೆಲವರಲ್ಲಿ ಬಣ್ಣ ಮತ್ತೆ ಮರಳುತ್ತದೆ. ನಮ್ಮ ಸೀಮೆಯ ಜನರ ಒಸಡು ಕಪ್ಪಾಗಿರುವುದು ಸಹಜ, ಅದು ರೋಗವಲ್ಲ ಎಂಬ ಮಾತನ್ನು ಅವರಿಗೆ ಮೊದಲು ಹೇಳಬೇಕು ಎಂದು ನನಗನ್ನಿಸುತ್ತದೆ.

ಒಸಡಿನ ನಿಜವಾದ ರೋಗದಲ್ಲಿ, ಎಂದರೆ ಮೂಳೆ ಕರಗಿ ಹಲ್ಲು ಅಲುಗಾಡುವ ಸ್ಥಿತಿಯಲ್ಲಿ, ಚಿಕಿತ್ಸೆಯ ಬುನಾದಿ ಇಂದಿಗೂ ಬೇರಿನ ಮೇಲಿನ ಗಟ್ಟಿ ಪಾಚಿಯನ್ನು ಕೆರೆದು ಶುಚಿ ಮಾಡುವುದೇ. ಅದರ ಜೊತೆಗೆ ಲೇಸರನ್ನೂ ಸೇರಿಸುವುದು ಬೇಡ ಎಂದು ಯುರೋಪಿನ ಒಸಡು ತಜ್ಞರ ಒಕ್ಕೂಟ 2020ರ ತನ್ನ ಮಾರ್ಗಸೂಚಿಯಲ್ಲಿ ಸಲಹೆ ನೀಡಿದೆ. ಇನ್ನೊಂದು ಕಡೆ, ಯಾರೂ ಫಲಕದಲ್ಲಿ ಬರೆಯದ ಒಂದು ಬಳಕೆಗೆ ಒಳ್ಳೆಯ ಪುರಾವೆಯಿದೆ. ತಲೆ, ಕುತ್ತಿಗೆಯ ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆ ಪಡೆಯುವವರ ಬಾಯೆಲ್ಲ ಹುಣ್ಣಾಗಿ ನೀರು ನುಂಗುವುದೂ ಕಷ್ಟವಾಗುತ್ತದೆ. ಏನನ್ನೂ ಸುಡದ, ಕೊಯ್ಯದ ಕಡಿಮೆ ಶಕ್ತಿಯ ಲೇಸರನ್ನು ಚಿಕಿತ್ಸೆಯ ದಿನಗಳಲ್ಲಿ ಕೆನ್ನೆ, ನಾಲಿಗೆಗಳ ಮೇಲೆ ಹಾಯಿಸಿದರೆ ಆ ಹುಣ್ಣು ತಗ್ಗುತ್ತದೆ. 2020ರ ಅಂತರರಾಷ್ಟ್ರೀಯ ಮಾರ್ಗಸೂಚಿ ಇದನ್ನು ಶಿಫಾರಸು ಮಾಡಿದೆ. ಎಲೆ ಅಡಿಕೆ, ಹೊಗೆಸೊಪ್ಪಿನ ಅಭ್ಯಾಸದಿಂದ ಬಾಯಿಯ ಕ್ಯಾನ್ಸರ್ ಹೆಚ್ಚಾಗಿರುವ ನಮ್ಮಂಥ ಕಡೆ ಲೇಸರ್‌ಗೆ ಇದಕ್ಕಿಂತ ಯೋಗ್ಯವಾದ ಕೆಲಸ ಬೇರೆ ಬೇಕೇ?

ಎಚ್ಚರಿಕೆಯ ವಿಷಯವನ್ನು ಬೇಗ ಮುಗಿಸುತ್ತೇನೆ. ಶಸ್ತ್ರಚಿಕಿತ್ಸೆಯ ಲೇಸರ್ ನಡೆಯುವ ಕೋಣೆಯಲ್ಲಿರುವ ಪ್ರತಿಯೊಬ್ಬರೂ, ರೋಗಿಯೂ ಸೇರಿ, ಆ ತರಂಗಾಂತರಕ್ಕೆಂದೇ ತಯಾರಿಸಿದ ಕನ್ನಡಕ ಹಾಕಿಕೊಂಡಿರಬೇಕು. ಡಯೋಡ್, ನಿಯೋಡಿಮಿಯಮ್ ಕಿರಣಗಳು ಕಣ್ಣಿನ ಹೊರಪೊರೆಯನ್ನು ದಾಟಿ ಒಳಗಿನ ಅಕ್ಷಿಪಟಲವನ್ನೇ ಸುಡಬಲ್ಲವು; ಕಿರಣ ಉಕ್ಕಿನ ಉಪಕರಣಕ್ಕೆ ತಗುಲಿ ಚಿಮ್ಮಿದರೂ ಅಪಾಯ ಅಷ್ಟೇ. ಸುಟ್ಟ ಅಂಗಾಂಶದ ಹೊಗೆಯನ್ನು ಬಲವಾದ ಹೀರುಕೊಳವೆಯಿಂದ ಅಲ್ಲಿಯೇ ಎಳೆದುಕೊಳ್ಳಬೇಕು. ನಿಮಗೆ ಕನ್ನಡಕ ಕೊಡದೆ ಲೇಸರ್ ಹಚ್ಚುವವರಿದ್ದರೆ, ಕೇಳಿ ಪಡೆಯಿರಿ.

ಈಗ ಸೂಕ್ಷ್ಮದರ್ಶಕಕ್ಕೆ ಬರೋಣ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ಇದು ಹೊಸದಲ್ಲ. ಮೇಲಿನಿಂದ ಇಳಿಬಿದ್ದ ತೋಳಿನ ತುದಿಯಲ್ಲಿ ಎರಡು ಕಣ್ಣುಗಳ ಕೊಳವೆ, ಅದರಡಿ ಬೆಳಕು. 1921ರಲ್ಲಿ ಸ್ಟಾಕ್‌ಹೋಮ್‌ನ ಕಾರ್ಲ್ ನೈಲೆನ್ ಕಿವಿಯ ಶಸ್ತ್ರಚಿಕಿತ್ಸೆಗೆ ಒಂಟಿ ಕಣ್ಣಿನ ಸೂಕ್ಷ್ಮದರ್ಶಕ ಬಳಸಿದರು. ಮರುವರ್ಷ ಗುನ್ನಾರ್ ಹೋಮ್‌ಗ್ರೆನ್ ಎರಡು ಕಣ್ಣಿನದನ್ನು ತಂದರು. 1953ರಲ್ಲಿ ಜರ್ಮನಿಯ ಝೈಸ್ ಸಂಸ್ಥೆಯ ಮಾದರಿ ಬಂದ ಮೇಲೆ ಕಿವಿ, ಕಣ್ಣು, ಮಿದುಳಿನ ವೈದ್ಯರೆಲ್ಲ ಅದನ್ನು ತಮ್ಮದಾಗಿಸಿಕೊಂಡರು. ದಂತವೈದ್ಯರು ಮಾತ್ರ ಹಿಂದೆ ಉಳಿದರು. 1981ರಲ್ಲಿ ಅಮೆರಿಕದ ದಂತವೈದ್ಯ ಹಾರ್ವೆ ಅಪೋಥೆಕರ್ ಮತ್ತು ಕಿವಿ-ಗಂಟಲು ತಜ್ಞ ಗೇಜಾ ಜಾಕೊ ಸೇರಿ ‘ಡೆಂಟಿಸ್ಕೋಪ್’ ಎಂಬುದನ್ನು ಹೊರತಂದರು. ಈ ಜಾಕೊ ಅವರೇ 1972ರಲ್ಲಿ ಬಾಸ್ಟನ್‌ನಲ್ಲಿ ಸ್ಟುವರ್ಟ್ ಸ್ಟ್ರಾಂಗ್ ಜೊತೆಗೂಡಿ ಇಂಗಾಲದ ಡೈಆಕ್ಸೈಡ್ ಲೇಸರನ್ನು ಸೂಕ್ಷ್ಮದರ್ಶಕಕ್ಕೆ ಜೋಡಿಸಿ ಗಂಟಲಿನ ಶಸ್ತ್ರಚಿಕಿತ್ಸೆ ಮಾಡಿದವರು; ಹಾಗಾಗಿ ಇಂದಿನ ನಮ್ಮ ಎರಡು ವಿಷಯಗಳೂ ಒಬ್ಬರ ಕೈಯಲ್ಲಿ ಕೂಡಿದ್ದವು. ಡೆಂಟಿಸ್ಕೋಪ್ ಮಾತ್ರ ಗೆಲ್ಲಲಿಲ್ಲ. 8 ಪಟ್ಟು ಎಂಬ ಒಂದೇ ಹಿಗ್ಗಿಸುವಿಕೆ, ನೇರ ಕೊಳವೆ, ಓರೆಯಾಗಿ ಬೀಳುವ ಬೆಳಕು. ಕೂತು ಕೆಲಸ ಮಾಡುವವರ ಕತ್ತಿಗೆ ಅದು ಹೊಂದಲಿಲ್ಲ. 1986ರ ಹೊತ್ತಿಗೆ ತಯಾರಿಕೆ ನಿಂತಿತು. ತೊಂಬತ್ತರ ದಶಕದಲ್ಲಿ ಗ್ಯಾರಿ ಕಾರ್, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಿಂಗ್‌ಕುಕ್ ಕಿಮ್ ಮೊದಲಾದವರು ಬಾಗಿಸಬಹುದಾದ ಕೊಳವೆಯ ಸೂಕ್ಷ್ಮದರ್ಶಕದಿಂದ ರೂಟ್ ಕೆನಾಲ್ ಮಾಡಿ ತೋರಿಸಿದ ಮೇಲೆ ಗಾಳಿ ತಿರುಗಿತು. ಅದೇ ದಶಕದ ಕೊನೆಯ ಹೊತ್ತಿಗೆ ಅಮೆರಿಕದಲ್ಲಿ ಆ ವಿಷಯದ ಸ್ನಾತಕೋತ್ತರ ಶಿಕ್ಷಣದಲ್ಲಿ ಸೂಕ್ಷ್ಮದರ್ಶಕದ ತರಬೇತಿ ಕಡ್ಡಾಯವಾಯಿತು.

ಹಲ್ಲಿನ ಕೆಲಸಕ್ಕೆ ಬಳಸುವ ಸೂಕ್ಷ್ಮದರ್ಶಕ ಸುಮಾರು 4ರಿಂದ 25 ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಹಿಗ್ಗಿಸುವಿಕೆಗಿಂತಲೂ ಮುಖ್ಯವಾದದ್ದು ಅದರ ಬೆಳಕು. ನೋಡುವ ದಾರಿಯಲ್ಲೇ ಬೆಳಕೂ ಇಳಿಯುವುದರಿಂದ ನೆರಳು ಬೀಳುವುದಿಲ್ಲ. ತಲೆಯ ಮೇಲಿನ ದೀಪದ ಬೆಳಕು ಎಂದೂ ತಲುಪದ ಬೇರಿನ ಆಳಕ್ಕೆ ಅದು ತಲುಪುತ್ತದೆ.

ಇದರಿಂದ ಏನು ಬದಲಾಗುತ್ತದೆ ಎಂಬುದಕ್ಕೆ ಮೇಲಿನ ಮೊದಲ ದವಡೆಹಲ್ಲನ್ನು ತೆಗೆದುಕೊಳ್ಳುತ್ತೇನೆ. ಆರನೆಯ ವಯಸ್ಸಿನ ಹೊತ್ತಿಗೆ ಹುಟ್ಟುವ, ಜೀವಮಾನವಿಡೀ ಅಗಿಯುವ ಭಾರ ಹೊರುವ ಹಲ್ಲು ಅದು. ಕೆನ್ನೆಯ ಕಡೆ ಎರಡು, ಅಂಗುಳದ ಕಡೆ ಒಂದು, ಹೀಗೆ ಮೂರು ಬೇರು. ಮೂರು ಬೇರಿಗೆ ಮೂರು ನಾಳ, ಎಂದರೆ ಬೇರಿನೊಳಗೆ ತಿರುಳು ಇಳಿಯುವ ಸುರಂಗ, ಎಂದುಕೊಂಡು ಬಹುಕಾಲ ಚಿಕಿತ್ಸೆ ನಡೆಯಿತು. ಐನ್‌ಸ್ಟೈನ್ ಪ್ರಬಂಧ ಬಂದ 1917ರಲ್ಲೇ ಜ್ಯೂರಿಕ್‌ನ ವಾಲ್ಟರ್ ಹೆಸ್ ಹಲ್ಲುಗಳ ಒಳಗನ್ನು ಅಚ್ಚು ತೆಗೆದು, ನಾಳಗಳು ನಾವು ಅಂದುಕೊಂಡಂತೆ ನೇರ ಕೊಳವೆಗಳಲ್ಲ, ಕವಲೊಡೆದು ಮತ್ತೆ ಕೂಡುವ ಜಾಲ ಎಂದು ತೋರಿಸಿದ್ದರು. 1990ರಲ್ಲಿ ಕುಲಿಲ್ಡ್ ಮತ್ತು ಪೀಟರ್ಸ್ ಕಿತ್ತ ಹಲ್ಲುಗಳನ್ನು ಸೀಳಿ ನೋಡಿದಾಗ ಮುಂದಿನ ಕೆನ್ನೆಬೇರಿನಲ್ಲಿ ನೂರಕ್ಕೆ 95ರಲ್ಲಿ ಎರಡನೆಯ ನಾಳವಿತ್ತು. ಅದು ಇರುತ್ತದೆ ಎಂದು ಗೊತ್ತಾದ ಮೇಲೂ ಬಾಯಿಯ ಒಳಗೆ ಕೆಲಸ ಮಾಡುವಾಗ ಕಾಣುತ್ತಿರಲಿಲ್ಲ. ಬರಿಗಣ್ಣು 0.2 ಮಿಲಿಮೀಟರ್‌ಗಿಂತ ಹತ್ತಿರದ ಎರಡು ಚುಕ್ಕೆಗಳನ್ನು ಬೇರ್ಪಡಿಸಿ ನೋಡಲಾರದು; ಆ ನಾಳಕ್ಕೆ ಮೊದಲು ಇಳಿಸುವ ಸೂಜಿಯಂಥ ಉಪಕರಣ, 10ನೇ ಸಂಖ್ಯೆಯ ಫೈಲ್‌ನ ತುದಿಯೇ 0.10 ಮಿಲಿಮೀಟರ್.

ಹುಡುಕಾಟ ನಡೆಯುವುದು ಹೀಗೆ. ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟಿ ಎಂಜಲು, ಉಸಿರಿನ ಹಬೆ ಎರಡನ್ನೂ ಹೊರಗಿಡುತ್ತೇವೆ. ಮೇಲಿನ ಹಲ್ಲನ್ನು ನೇರವಾಗಿ ನೋಡಲಾಗದು. ಕನ್ನಡಿಯಲ್ಲಿ ನೋಡುತ್ತಾ, ಕೈಯನ್ನು ತಿರುವುಮುರುವಾಗಿ ಆಡಿಸಬೇಕು. ಸಾಮಾನ್ಯ ಕನ್ನಡಿ ಇಲ್ಲಿ ನಡೆಯದು, ಗಾಜಿನ ಹಿಂದಿನ ಲೇಪ ಎರಡೆರಡು ಬಿಂಬ ಕೊಡುತ್ತದೆ. ಮುಂಭಾಗದಲ್ಲೇ ಲೇಪವಿರುವ ಕನ್ನಡಿ ಬೇಕು. ಕಡಿಮೆ ಹಿಗ್ಗಿಸುವಿಕೆಯಲ್ಲಿ ಜಾಗ ಗುರುತಿಸಿಕೊಂಡು ಒಂದೊಂದೇ ಮೆಟ್ಟಿಲು ಏರುತ್ತೇವೆ. ಏರಿದಂತೆಲ್ಲ ಕಾಣುವ ವಲಯ ಕಿರಿದಾಗುತ್ತದೆ, ರೋಗಿ ಉಸಿರೆಳೆದರೂ ಚಿತ್ರ ಮಸುಕಾಗುತ್ತದೆ. ತಿರುಳು ತೆಗೆದ ಕೋಣೆಯ ಗೋಡೆ ಮಾಸಲು ಹಳದಿ, ನೆಲ ಬೂದು. ಆ ಬೂದು ನೆಲದ ಮೇಲೆ ಒಂದು ನಾಳದ ಬಾಯಿಂದ ಇನ್ನೊಂದಕ್ಕೆ ತೆಳುವಾದ ಕಪ್ಪು ಗೆರೆ ಹೋಗಿರುತ್ತದೆ. ಮೊದಲ ನಾಳದಿಂದ ಅಂಗುಳದ ಕಡೆಗೆ ಸುಮಾರು 2 ಮಿಲಿಮೀಟರ್ ದೂರದಲ್ಲಿ ಆ ಗೆರೆ ಡೆಂಟಿನ್‌ನ ಸಣ್ಣ ದಿಬ್ಬವೊಂದರ ಅಡಿಗೆ ನುಸುಳಿ ಮಾಯವಾಗುತ್ತದೆ. ಅತಿ ವೇಗದಲ್ಲಿ ಕಂಪಿಸುವ ಅಲ್ಟ್ರಾಸಾನಿಕ್ ಮೊನೆಯಿಂದ ಆ ದಿಬ್ಬವನ್ನು ಸವರಿದರೆ ಬಿಳಿ ಪುಡಿ ಏಳುತ್ತದೆ. ಪುಡಿ ಒಂದು ಚುಕ್ಕೆಯಲ್ಲಿ ಹೋಗಿ ಕೂತರೆ ಅಲ್ಲಿ ರಂಧ್ರವಿದೆ ಎಂದರ್ಥ. ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ತುಂಬಿ ಕಾದರೆ, ಒಳಗೆ ಉಳಿದ ತಿರುಳಿನ ಚೂರು ಕರಗುತ್ತಾ ಅದೇ ಚುಕ್ಕೆಯಿಂದ ಸಣ್ಣ ಗುಳ್ಳೆಗಳು ಸಾಲಾಗಿ ಮೇಲೇಳುತ್ತವೆ. ಆ ಗುಳ್ಳೆಗಳ ಸಾಲು ಕಂಡಾಗ ಆಗುವ ಸಂತೋಷವನ್ನು ನನ್ನ ವೃತ್ತಿಯವರು ಮಾತ್ರ ಬಲ್ಲರು.

ಅಮೆರಿಕದ ಜಾನ್ ಸ್ಟ್ರಾಪ್ಕೊ ತಾವು ಎಂಟು ವರ್ಷಗಳಲ್ಲಿ ಚಿಕಿತ್ಸೆ ಮಾಡಿದ ದವಡೆಹಲ್ಲುಗಳ ಲೆಕ್ಕವನ್ನು 1999ರಲ್ಲಿ ಪ್ರಕಟಿಸಿದರು. ಸಾವಿರಕ್ಕೂ ಹೆಚ್ಚು ಮೊದಲ ದವಡೆಹಲ್ಲುಗಳಲ್ಲಿ ಒಟ್ಟಾರೆ ನೂರಕ್ಕೆ 73ರಲ್ಲಿ ಅವರಿಗೆ ಈ ನಾಳ ಸಿಕ್ಕಿತ್ತು. ಸೂಕ್ಷ್ಮದರ್ಶಕವನ್ನು ಪ್ರತಿ ಸಲವೂ ಬಳಸಿ, ಸಾಕಷ್ಟು ಸಮಯ ಕೊಟ್ಟು, ತಕ್ಕ ಉಪಕರಣ ಹಿಡಿದ ಮೇಲೆ ಅದು 93ಕ್ಕೆ ಏರಿತು. ಸಮಯ ಕೊಟ್ಟು ಎಂಬ ಮಾತನ್ನು ನಾನು ಒತ್ತಿ ಹೇಳುತ್ತೇನೆ. ಸೂಕ್ಷ್ಮದರ್ಶಕ ಕೆಲಸವನ್ನು ಚುರುಕುಗೊಳಿಸುವುದಿಲ್ಲ. ಕಾಣದಿದ್ದುದು ಕಾಣತೊಡಗಿದ ಮೇಲೆ ಮಾಡಬೇಕಾದ ಕೆಲಸವೇ ಹೆಚ್ಚುತ್ತದೆ.

ಮಳವಳ್ಳಿಯ ರೈತರ ವಿಷಯಕ್ಕೆ ಬರುತ್ತೇನೆ. ಅವರ ಹಲ್ಲಿನಲ್ಲಿದ್ದ ಕಂಬಿಯನ್ನು ಎಳೆದರೆ ಬೇರು ಸೀಳುವ ಸಂಭವವಿತ್ತು. ಮೇಲಿನಿಂದ ದಾರಿಯಿಲ್ಲದ ಕಾರಣ ಒಸಡನ್ನು ಬಿಡಿಸಿ ಬೇರಿನ ತುದಿಗೇ ಹೋಗಬೇಕಾಯಿತು. ಈ ಶಸ್ತ್ರಚಿಕಿತ್ಸೆ ಹಳೆಯದೇ. ಹಿಂದೆ ಮೂಳೆಯಲ್ಲಿ 8ರಿಂದ 10 ಮಿಲಿಮೀಟರ್ ಅಗಲದ ಕಿಂಡಿ ತೆರೆದು, ಬೇರಿನ ತುದಿಯನ್ನು 45 ಡಿಗ್ರಿ ಓರೆಯಾಗಿ ಕತ್ತರಿಸುತ್ತಿದ್ದರು. ಓರೆಯಾಗಿ ಕತ್ತರಿಸುವುದರಿಂದ ಹಲ್ಲಿಗೆ ಯಾವ ಲಾಭವೂ ಇರಲಿಲ್ಲ, ವೈದ್ಯರ ಕಣ್ಣಿಗೆ ಕಾಣಲೆಂದೇ ಆ ಓರೆ. ಒಳಬದಿಯ ನಾಳ ಕತ್ತರಿಸದೆ ಉಳಿದುಹೋಗುತ್ತಿತ್ತು, ಡೆಂಟಿನ್‌ನ ಸೂಕ್ಷ್ಮ ರಂಧ್ರಗಳು ಇನ್ನಷ್ಟು ಬಾಯಿ ತೆರೆಯುತ್ತಿದ್ದವು. ಈಗ 4ರಿಂದ 5 ಮಿಲಿಮೀಟರ್ ಕಿಂಡಿ ಸಾಕು. ಬೇರನ್ನು ಹೆಚ್ಚುಕಡಿಮೆ ಅಡ್ಡಡ್ಡವಾಗಿ 3 ಮಿಲಿಮೀಟರ್ ಕತ್ತರಿಸುತ್ತೇವೆ, ಏಕೆಂದರೆ ಕವಲುಗಳಲ್ಲಿ ಬಹುಪಾಲು ಇರುವುದು ಆ ಕೊನೆಯ 3 ಮಿಲಿಮೀಟರ್‌ನಲ್ಲಿಯೇ. ಕತ್ತರಿಸಿದ ಮುಖಕ್ಕೆ ಮೆಥಿಲೀನ್ ನೀಲಿ ಎಂಬ ಬಣ್ಣ ಹಚ್ಚಿ ತೊಳೆದು, ಪುಟ್ಟ ಕನ್ನಡಿಯನ್ನು ಕಿಂಡಿಯೊಳಗೆ ಇಟ್ಟು, ಹಿಗ್ಗಿಸುವಿಕೆಯನ್ನು ಏರಿಸಿ ನೋಡಿದಾಗ, ಅವರ ಹಲ್ಲಿನ ಎರಡು ನಾಳಗಳ ನಡುವೆ ಹಿಂದೆ ಯಾರೂ ಮುಟ್ಟಿರದ ಕೊಳೆತ ಸಂದೊಂದು ನೀಲಿ ಗೆರೆಯಾಗಿ ಎದ್ದು ನಿಂತಿತು. ಕೀವಿನ ಮೂಲ ಅದೇ. ಆ ಗೆರೆಯನ್ನು ಅಲ್ಟ್ರಾಸಾನಿಕ್ ಮೊನೆಯಿಂದ 3 ಮಿಲಿಮೀಟರ್ ಆಳಕ್ಕೆ ಬಗೆದು, ಎಂಟಿಎ ಎಂಬ ಸಿಮೆಂಟ್ ತುಂಬಿದೆವು. 1993ರಲ್ಲಿ ಮೊದಲು ವರದಿಯಾದ, ಕ್ಯಾಲಿಫೋರ್ನಿಯಾದ ಲೋಮ ಲಿಂಡಾದಲ್ಲಿ ಮಹಮೂದ್ ತೊರಾಬಿನೆಜಾದ್ ರೂಪಿಸಿದ ಈ ವಸ್ತುವಿನ ಮೂಲದ್ರವ್ಯ ಮನೆ ಕಟ್ಟುವ ಪೋರ್ಟ್‌ಲ್ಯಾಂಡ್ ಸಿಮೆಂಟೇ. ತೇವದಲ್ಲಿ ಗಟ್ಟಿಯಾಗುವ ಗುಣದಿಂದಾಗಿ ರಕ್ತ ಒಸರುವ ಜಾಗಕ್ಕೆ ಅದು ಒಪ್ಪುತ್ತದೆ. ತೆಳುವಾದ 6-0 ದಾರದ ಹೊಲಿಗೆಯನ್ನು ಮೂರನೆಯ ದಿನಕ್ಕೆ ಬಿಚ್ಚಿದೆವು. ವರ್ಷದ ನಂತರದ ಎಕ್ಸ್‌ರೇಯಲ್ಲಿ ಮೂಳೆ ತುಂಬಿಕೊಂಡಿತ್ತು.

ಒಬ್ಬರ ಹಲ್ಲು ಉಳಿದದ್ದನ್ನೇ ಪುರಾವೆ ಎನ್ನಲಾಗದು. 2010ರಲ್ಲಿ ಸೆಟ್ಜರ್ ಮತ್ತು ಸಂಗಡಿಗರು ಆವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ ಹಳೆಯ ವಿಧಾನದ ಯಶಸ್ಸು ನೂರಕ್ಕೆ 59, ಸೂಕ್ಷ್ಮದರ್ಶಕದ ಆಧುನಿಕ ವಿಧಾನದ್ದು 94. ಈ ಅಂಕಿಗಳನ್ನು ನಮ್ಮ ಸಭೆಗಳಲ್ಲಿ ಹೆಮ್ಮೆಯಿಂದ ಉಲ್ಲೇಖಿಸುತ್ತಾರೆ. ಆದರೆ ಆ 35ರ ಅಂತರ ಪೂರ್ತಿ ಸೂಕ್ಷ್ಮದರ್ಶಕದ ಸಂಪಾದನೆಯಲ್ಲ. ಹೊಸ ಸಿಮೆಂಟ್, ಅಲ್ಟ್ರಾಸಾನಿಕ್ ಮೊನೆ ಎಲ್ಲವೂ ಅದರಲ್ಲಿ ಸೇರಿವೆ. ಅದೇ ತಂಡ 2012ರಲ್ಲಿ ಹೊಸ ಸಾಮಗ್ರಿಗಳೆಲ್ಲವನ್ನೂ ಬಳಸಿಯೂ ಹೆಚ್ಚಿನ ಹಿಗ್ಗಿಸುವಿಕೆ ಇಲ್ಲದೆ ಮಾಡಿದ ಶಸ್ತ್ರಚಿಕಿತ್ಸೆಯೊಂದಿಗೆ ಹೋಲಿಸಿದಾಗ ಅಂಕಿಗಳು 88 ಮತ್ತು 94 ಆದವು; ವ್ಯತ್ಯಾಸ ಸ್ಪಷ್ಟವಾಗಿ ಕಂಡದ್ದು ದವಡೆಹಲ್ಲುಗಳಲ್ಲಿ, ಮುಂದಿನ ಹಲ್ಲುಗಳಲ್ಲಿ ಅಲ್ಲ. ನನಗೆ ಈ ಎರಡನೆಯ ಲೆಕ್ಕವೇ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ಮುಂದಿನ ಹಲ್ಲು ಬರಿಗಣ್ಣಿಗೂ ಒಂದು ಮಟ್ಟಕ್ಕೆ ಕಾಣುತ್ತದೆ, ಕತ್ತಲಿರುವುದು ಹಿಂದೆ.

ಒಸಡಿನ ಶಸ್ತ್ರಚಿಕಿತ್ಸೆಯಲ್ಲೂ ಇದರ ಪ್ರಯೋಜನವಿದೆ. ಒಸಡು ಜಾರಿ ಬೇರು ಕಾಣುವ ಕಡೆ ಅಂಗುಳದಿಂದ ತೆಗೆದ ಅಂಗಾಂಶವನ್ನು ನಾಟಿ ಮಾಡುವಾಗ, ಸೂಕ್ಷ್ಮದರ್ಶಕದಡಿ ಹೊಲಿದರೆ ರಕ್ತ ಸಂಚಾರ ಬೇಗ ಕೂಡಿಕೊಳ್ಳುತ್ತದೆ. 2005ರಲ್ಲಿ ಬುರ್ಕಾರ್ಟ್ ಮತ್ತು ಲಾಂಗ್ 10 ಜನರ ಬಾಯಿಯ ಒಂದು ಬದಿಗೆ ಹಾಗೆ, ಇನ್ನೊಂದು ಬದಿಗೆ ಸಾಮಾನ್ಯ ವಿಧಾನದಲ್ಲಿ ಮಾಡಿ ನೋಡಿದಾಗ, ಏಳನೆಯ ದಿನ ರಕ್ತನಾಳ ಕೂಡಿಕೊಂಡ ಪ್ರಮಾಣ ನೂರಕ್ಕೆ 85 ಮತ್ತು 64 ಆಗಿತ್ತು. ಸಣ್ಣ ಅಧ್ಯಯನ, ಆದರೆ ಒಬ್ಬರದೇ ಬಾಯಿಯ ಎರಡು ಬದಿಗಳ ಹೋಲಿಕೆಯಾದ್ದರಿಂದ ತೂಕವಿದೆ.

ಇಷ್ಟಿದ್ದರೂ ಇದು ಎಲ್ಲ ಕಡೆ ಏಕಿಲ್ಲ ಎಂದರೆ ಕಾರಣ ಬೆಲೆಯೊಂದೇ ಅಲ್ಲ. ಕಣ್ಣನ್ನು ಕೊಳವೆಯಿಂದ ಎತ್ತದೆ, ಕೈ ಚಾಚಿದರೆ ಬೇಕಾದ ಉಪಕರಣ ಬಂದು ಕೂರುವಂತೆ ಸಹಾಯಕಿಯನ್ನು ಪಳಗಿಸಬೇಕು. ಅದಕ್ಕೆ ತಿಂಗಳುಗಳೇ ಬೇಕು. ಮೊದಲ ದಿನಗಳಲ್ಲಿ ಕೆಲಸ ನಿಧಾನವಾಗಿ, ಹೊರಗೆ ಕಾದವರು ಗೊಣಗಿ, ಎಷ್ಟೋ ವೈದ್ಯರು ಅದನ್ನು ಬಟ್ಟೆ ಹೊದಿಸಿ ಮೂಲೆಗೆ ಸರಿಸುತ್ತಾರೆ. ಉಳಿಸಿಕೊಂಡವರಿಗೆ ಬೆನ್ನು ನೆಟ್ಟಗಿಟ್ಟು ಕೂರುವ ಭಾಗ್ಯ ಸಿಗುತ್ತದೆ. ಬಗ್ಗಿ ಬಗ್ಗಿ ಕತ್ತು, ಸೊಂಟ ಹಿಡಿದುಕೊಂಡ ನನ್ನ ಪೀಳಿಗೆಯ ದಂತವೈದ್ಯರು ಇದನ್ನು ಅಸೂಯೆಯಿಂದ ನೋಡುತ್ತೇವೆ.

ಪ್ರಶ್ನೋತ್ತರ

“ಲೇಸರ್ ಆದರೆ ಇಂಜೆಕ್ಷನ್ ಬೇಡವೇ?” ಎಂದು ಕಾಲೇಜು ವಿದ್ಯಾರ್ಥಿಯೊಬ್ಬ ಕೇಳಿದ. ಸಣ್ಣಪುಟ್ಟ ಕೆಲಸಕ್ಕೆ ಮರಗಟ್ಟಿಸುವ ಮುಲಾಮು ಸಾಕಾಗುವುದುಂಟು. ಆಳವಾದ ಕೆಲಸಕ್ಕೆ ಇಂಜೆಕ್ಷನ್ ಬೇಕೇ ಬೇಕು, ಬೇಡವೆಂದು ಮೊದಲೇ ಮಾತು ಕೊಡುವುದು ಸರಿಯಲ್ಲ ಎಂದೆ.

ಶಿಕ್ಷಕಿಯೊಬ್ಬರು ತಮ್ಮ ಅತ್ತೆಯವರ ಬಗ್ಗೆ ಕೇಳಿದರು: “ಎಲೆ ಅಡಿಕೆ ಹಾಕ್ತಾರೆ ಸಾರ್, ಕೆನ್ನೆ ಒಳಗೆ ಬಿಳಿ ಮಚ್ಚೆ ಆಗಿದೆ. ಲೇಸರ್‌ನಲ್ಲಿ ಸುಡಿಸಿಬಿಡಬಹುದಾ?” ಸುಡಿಸುವ ಮುನ್ನ ಅದೇನೆಂದು ತಿಳಿಯಬೇಕು. ಮಚ್ಚೆಯ ಚೂರನ್ನು ತೆಗೆದು ಪ್ರಯೋಗಾಲಯಕ್ಕೆ ಕಳಿಸುವುದು ಮೊದಲ ಹೆಜ್ಜೆ. ಆ ಚೂರನ್ನು ಲೇಸರ್‌ನಿಂದ ತೆಗೆದರೆ ಅಂಚುಗಳು ಬೆಂದು, ಅಲ್ಲಿನ ಜೀವಕೋಶಗಳ ಸ್ವರೂಪ ಪರೀಕ್ಷಿಸುವವರಿಗೆ ಸ್ಪಷ್ಟವಾಗುವುದಿಲ್ಲ. ಅದಕ್ಕೆ ಹಳೆಯ ಶಸ್ತ್ರದ ಅಲಗೇ ಒಳ್ಳೆಯದು. ಸುಟ್ಟು ಆವಿ ಮಾಡಿದರಂತೂ ಪರೀಕ್ಷೆಗೆ ಏನೂ ಉಳಿಯುವುದಿಲ್ಲ. ಎರಡು ಮೂರು ವಾರದಲ್ಲಿ ಮಾಯದ ಯಾವುದೇ ಹುಣ್ಣು, ಮಚ್ಚೆಯನ್ನು ಮೊದಲು ತೋರಿಸಿ, ಯಂತ್ರದ ಮಾತು ಆಮೇಲೆ ಎಂದು ಅವರಿಗೆ ಹೇಳಿದೆ. ಸಭೆ ಮುಗಿದ ಮೇಲೂ ಅವರೊಡನೆ ಮಾತಾಡಿದೆ.

ಕೊನೆಯ ಪ್ರಶ್ನೆ ನಿವೃತ್ತ ನೌಕರರೊಬ್ಬರದು. ಅವರಿಗೆ ಪೇಸ್‌ಮೇಕರ್ ಕೂರಿಸಿದ್ದಾರೆ, ರಕ್ತ ತೆಳುವಾಗಿಸುವ ಮಾತ್ರೆಯೂ ಇದೆ, ಕ್ಯಾಪಿನ ಸುತ್ತ ಬೆಳೆದ ಒಸಡನ್ನು ತೆಗೆಸಬೇಕಾಗಿದೆ. ಇಂಥಲ್ಲಿ ಲೇಸರ್‌ಗೆ ನನ್ನ ಮತ. ವಿದ್ಯುತ್ ಹರಿಸಿ ಕೊಯ್ಯುವ ಕಾಟರಿ ಯಂತ್ರದ ಪ್ರವಾಹ ಪೇಸ್‌ಮೇಕರ್‌ನ ಲಯಕ್ಕೆ ಅಡ್ಡಿ ಮಾಡುವ ಸಾಧ್ಯತೆ ಇದೆ. ಲೇಸರ್‌ನಲ್ಲಿ ದೇಹದೊಳಗೆ ವಿದ್ಯುತ್ ಹರಿಯುವುದಿಲ್ಲ, ರಕ್ತವೂ ಕಡಿಮೆ ಹೋಗುತ್ತದೆ. ಮಾತ್ರೆಯನ್ನು ಮಾತ್ರ ತಮ್ಮಷ್ಟಕ್ಕೆ ತಾವೇ ನಿಲ್ಲಿಸಿ ಬರಬಾರದು, ಹೃದಯದ ವೈದ್ಯರ ಚೀಟಿಯನ್ನೂ ಪೇಸ್‌ಮೇಕರ್‌ನ ಕಾರ್ಡನ್ನೂ ಜೊತೆಗೆ ತರಬೇಕು ಎಂದು ಹೇಳಿದೆ. ಅವರು ಅಂಗಿಯ ಜೇಬಿನಿಂದ ಆ ಕಾರ್ಡನ್ನು ತೆಗೆದು ತೋರಿಸಿದರು. ಅದರಲ್ಲಿದ್ದ ವಿವರ ಸಾಕಾಗಿತ್ತು.